ಹದಿನಾಲ್ಕು ಗುಳಿ, ಒಂದೇ ಅಪ್ಪಣೆ

ಅಳಗುಳಿ ಮಣೆ ಆಡಿದವರಿಗೆ ಗೊತ್ತು, ಆಟಕ್ಕೆ ಮೊದಲು ಗುಳಿ ತುಂಬುವ ಕೆಲಸವಿದೆ. ಎರಡು ಸಾಲು, ಸಾಲಿಗೆ ಏಳು ಗುಳಿ. ಗುಳಿಗೆ ಐದರಂತೆ ಹುಣಸೆ ಬೀಜ ಹಾಕಿದರೆ ಒಟ್ಟು 70. ಕೆಲವು ಕಡೆ ನಾಲ್ಕೇ ಹಾಕುತ್ತಾರೆ. ಈ ಆಟವನ್ನು ಬ್ರೌಸರಿನಲ್ಲಿ ಆಡುವಂತೆ ಮಾಡಲು ಜಾವಾಸ್ಕ್ರಿಪ್ಟ್ ಬರೆಯಲು ಕೂತರೆ, ಅಲ್ಲೂ ಮೊದಲು ಎದುರಾಗುವುದು ಗುಳಿ ತುಂಬುವ ಕೆಲಸವೇ.

ಮಣೆಯ ಬದಲು ಅಲ್ಲಿ ಅರೇ ಇರುತ್ತದೆ, ಅಂದರೆ ಸಾಲಾಗಿ ನಿಂತ ಮನೆಗಳು. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ 14 ಮನೆಗಳಲ್ಲಿ ಕೊನೆಯದರ ಸಂಖ್ಯೆ 13. ಬ್ರೆಂಡನ್ ಐಕ್ 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದಾಗ ಜಾವಾಸ್ಕ್ರಿಪ್ಟ್ ಭಾಷೆಯ ಮೊದಲ ರೂಪ ಕಟ್ಟಿದರು. ಅಲ್ಲಿಂದ 20 ವರ್ಷ, ಮನೆ ಮನೆಗೂ ಹೋಗಿ ಬೆಲೆ ಇಟ್ಟುಬರುವ ಲೂಪನ್ನು ಕೈಯಾರೆ ಬರೆಯಬೇಕಿತ್ತು. 2015ರ ಆವೃತ್ತಿಯಲ್ಲಿ ‘ಫಿಲ್’ ಬಂತು. ಫಿಲ್(5) ಎಂದರೆ ಸಾಕು, ಎಲ್ಲ ಮನೆಗಳಲ್ಲೂ ಐದು. ಫಿಲ್(0, 7, 14) ಎಂದರೆ ಎರಡನೆಯ ಸಾಲು ಮಾತ್ರ ಖಾಲಿ: ಸಂಖ್ಯೆ 7ರ ಮನೆಯಿಂದ ಹಿಡಿದು 14ರ ಹಿಂದಿನ ಮನೆಯವರೆಗೆ.

ಇನ್ನೊಂದು ವಿಚಿತ್ರವಿದೆ. 14 ಮನೆಗಳ ಹೊಸ ಅರೇ ಬೇಕೆಂದು ಕೇಳಿದರೆ ಜಾವಾಸ್ಕ್ರಿಪ್ಟ್ ಉದ್ದವನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ, ಮನೆ ಕಟ್ಟುವುದಿಲ್ಲ. ಪ್ರತಿ ಮನೆಯಲ್ಲೂ ಏನಾದರೂ ಮಾಡಿಬಾ ಎಂದು ‘ಮ್ಯಾಪ್’ ಅನ್ನು ಕಳಿಸಿದರೆ, ಅದು ಯಾವ ಮನೆಯನ್ನೂ ಕಾಣದೆ ಸುಮ್ಮನೆ ಹಿಂದಿರುಗುತ್ತದೆ. ಫಿಲ್ ಹಾಗಲ್ಲ, ಇಲ್ಲದ ಮನೆಯನ್ನೂ ಕಟ್ಟಿ ತುಂಬುತ್ತದೆ.

ಹೊಸಬರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಗುಳಿಯಲ್ಲಿ ಬರೀ ಲೆಕ್ಕ ಸಾಲದು, ಯಾವ ಬೀಜ ಯಾವ ಬಣ್ಣದ್ದೆಂದೂ ತಿಳಿಯಬೇಕು ಎಂದುಕೊಳ್ಳಿ. ಆಗ ಪ್ರತಿ ಗುಳಿಯಲ್ಲೂ ಒಂದು ಖಾಲಿ ಪಟ್ಟಿ ಇರಬೇಕು. ಫಿಲ್‌ಗೆ ಒಂದು ಖಾಲಿ ಪಟ್ಟಿ ಕೊಟ್ಟು ಎಲ್ಲ ಕಡೆ ಇಡಿಸಿದರೆ ಕೆಲಸ ಆದಂತೆಯೇ ಕಾಣುತ್ತದೆ. ಮೂರನೇ ಗುಳಿಗೆ ಒಂದು ಕೆಂಪು ಬೀಜ ಹಾಕಿ ನೋಡಿದರೆ, ಹದಿನಾಲ್ಕರಲ್ಲೂ ಕೆಂಪು ಬೀಜ!

ಕನ್ನಡದಲ್ಲಿ ‘ಅದೇ’ ಮತ್ತು ‘ಅಂಥದ್ದೇ’ ಎಂದು ಎರಡು ಮಾತಿವೆ. ಈ ಗೊಂದಲ ಬಿಡಿಸಲು ಇವೆರಡೇ ಸಾಕು. ಐದು ಎಂಬ ಸಂಖ್ಯೆಗೆ ಅವೆರಡರ ನಡುವೆ ವ್ಯತ್ಯಾಸವಿಲ್ಲ, ಎಲ್ಲಿಟ್ಟರೂ ಐದು ಐದೇ. ಆದರೆ ಮನೆಯೊಳಗೆ ಪಟ್ಟಿಯೇ ಕೂರುವುದಿಲ್ಲ, ಅದಿರುವ ಜಾಗದ ವಿಳಾಸ ಕೂರುತ್ತದೆ. ಫಿಲ್ ನಕಲು ಮಾಡುವುದು ಆ ವಿಳಾಸವನ್ನು. ಒಂದೇ ಕೋಣೆಗೆ 14 ಕೀಲಿಕೈ ಮಾಡಿಸಿದಂತೆ: ಯಾವ ಕೀಲಿಯಿಂದ ತೆರೆದರೂ ಕೋಣೆ ಒಂದೇ. ನಮಗೆ ಬೇಕಿದ್ದದ್ದು ಅಂಥದ್ದೇ ಪಟ್ಟಿ, ಸಿಕ್ಕಿದ್ದು ಅದೇ ಪಟ್ಟಿ. ಪಿಎಚ್‌ಪಿ ಭಾಷೆಯ ‘ಅರೇ_ಫಿಲ್’ ಈ ವಿಷಯದಲ್ಲಿ ಬೇರೆ. ಅಲ್ಲಿ ಒಳಗಿನ ಅರೇ ಕೂಡ ಬೆಲೆಯೇ, ಹಾಗಾಗಿ ಒಂದನ್ನು ಬದಲಿಸಿದರೆ ಉಳಿದವು ಹಾಗೇ ಇರುತ್ತವೆ. ಈ ಕೆಲಸದ ಮಟ್ಟಿಗೆ ನನಗೆ ಆ ನಡತೆಯೇ ಸರಿ ಎನಿಸುತ್ತದೆ.

ಜಾವಾಸ್ಕ್ರಿಪ್ಟ್‌ನಲ್ಲಿ ಇದಕ್ಕೆ ದಾರಿ ‘ಅರೇ.ಫ್ರಮ್’. ಉದ್ದ 14 ಎಂದು ಹೇಳಿ, ಜೊತೆಗೆ ಹೊಸ ಪಟ್ಟಿ ಮಾಡಿಕೊಡುವ ಪುಟ್ಟ ಫಂಕ್ಷನ್ ಒಂದನ್ನು ಕೊಟ್ಟರೆ ಅದು ಹದಿನಾಲ್ಕು ಸಲ ಓಡುತ್ತದೆ, ಹದಿನಾಲ್ಕು ಬೇರೆ ಬೇರೆ ಪಟ್ಟಿ ಹುಟ್ಟುತ್ತವೆ. ಅರೇಗೆ ‘ಗುಳಿಗಳು’ ಎಂದು ಕನ್ನಡ ಅಕ್ಷರದಲ್ಲೇ ಹೆಸರಿಡಬಹುದು, ಭಾಷೆ ಒಪ್ಪುತ್ತದೆ. ಓದಿ ಬಿಡಬೇಡಿ, ಬ್ರೌಸರಿನ ಕನ್ಸೋಲ್ ತೆರೆದು ಎರಡೂ ರೀತಿ ತುಂಬಿ, ಮೂರನೇ ಗುಳಿಗೆ ಒಂದು ಬೀಜ ಹಾಕಿ ನೋಡಿ.