ಹಾಜರಿಗೆ ಸಿಗದ ಲೆಕ್ಕ

ಕಳೆದ ಮಳೆಗಾಲದಲ್ಲಿ ಒಂದು ದಿನ ಅರೆತಲೆನೋವು ಹೊತ್ತುಕೊಂಡೇ ಮುಂಬಯಿಯ ಲೋಕಲ್ ಗಾಡಿ ಹತ್ತಿ ಕಚೇರಿಗೆ ಹೋದೆ. ಊರಿನ ಮದುವೆ, ಜಾತ್ರೆಗೆಂದು ರಜೆ ಕೂಡಿಡುವುದು ನಮ್ಮಂಥ ಪರಸ್ಥಳದವರ ಅಭ್ಯಾಸವಷ್ಟೆ. ಹಾಜರಿಯ ಯಂತ್ರಕ್ಕೆ ಬೆರಳೊತ್ತಿದೆ. ಸರಕಾರದ ಲೆಕ್ಕದಲ್ಲಿ ನಾನು ಪೂರ್ತಿ ಹಾಜರು. ಆದರೆ ಒಂದೇ ಪಟ್ಟಿಯನ್ನು ಮೂರು ಸಲ ಕೂಡಿದರೆ ಮೂರು ಮೊತ್ತ ಬಂತು. ಮೂರನೆಯದನ್ನೇ ಸರಿಯೆಂದು ಬರೆದು ಕಳಿಸಿದೆ. ಅದೂ ತಪ್ಪು! ಮರುದಿನ ಪಟ್ಟಿ ಹಿಂದಿರುಗಿತು. ತಿದ್ದಲು ಅರ್ಧ ದಿನ ಹಿಡಿಯಿತು.

ಹೀಗೆ ಬಂದೂ ಬಾರದಂತಿರುವವರ ನಷ್ಟವನ್ನು ಅಳೆಯುವುದು ಹೇಗೆ? 1993ರಲ್ಲಿ ಮಾರ್ಗರೆಟ್ ರೈಲಿ ಮತ್ತು ಅವರ ಸಂಗಡಿಗರು ಇದಕ್ಕೊಂದು ಸರಳ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಇರುವುದು ಆರೇ ಪ್ರಶ್ನೆ. ನೌಕರಿಯಲ್ಲಿದ್ದೀರಾ? ಕಳೆದ ಏಳು ದಿನಗಳಲ್ಲಿ ಕಾಯಿಲೆಯಿಂದ ತಪ್ಪಿದ ಗಂಟೆಗಳೆಷ್ಟು? ಬೇರೆ ಕಾರಣದಿಂದ ತಪ್ಪಿದ್ದೆಷ್ಟು? ದುಡಿದದ್ದೆಷ್ಟು? ದುಡಿಯುವಾಗ ಕಾಯಿಲೆ ಎಷ್ಟು ಅಡ್ಡಿಯಾಯಿತು? ನೌಕರಿಯಾಚೆಯ ನಿತ್ಯದ ಕೆಲಸಗಳಿಗೆ ಎಷ್ಟು ಅಡ್ಡಿಯಾಯಿತು? ಕೊನೆಯ ಎರಡಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಬೇಕು.

ವಾಚಕರು ಪೆನ್ಸಿಲು ಹಿಡಿದು ಲೆಕ್ಕ ಹಾಕಿ ನೋಡಲಿ. ವಾರದ 40 ಗಂಟೆಗಳಲ್ಲಿ ಕಾಯಿಲೆಯಿಂದ 8 ಗಂಟೆ ತಪ್ಪಿತೆನ್ನೋಣ. ಉಳಿದ 32 ಗಂಟೆ ದುಡಿದರೂ ಅಡ್ಡಿಯ ಅಂಕ 5. ಎಂದರೆ ಅದರಲ್ಲಿ ಅರ್ಧ, 16 ಗಂಟೆ, ನೀರಿನಲ್ಲಿ ಮಾಡಿದ ಹೋಮ. ಒಟ್ಟು ನಷ್ಟ 24 ಗಂಟೆ, ನೂರಕ್ಕೆ 60. ಹಾಜರಿಗೆ ಕಂಡದ್ದು ಎಂಟೇ!

ಅಂಕ ಕೊಡುವವರು ನಾವೇ ಆದ್ದರಿಂದ, ಮೇಲಧಿಕಾರಿಯ ಭಯವಿದ್ದವನು ಸೊನ್ನೆ ಬರೆದಾನು. ಕೆಲಸವನ್ನೇ ತೂಗಬಹುದಾದ ಕಡೆ ಆ ಸಂಶಯವಿಲ್ಲ. ಶ್ರೀಲಂಕೆಯ ಚಹಾ ತೋಟದಲ್ಲಿ ನಡೆದ ಒಂದು ಪರೀಕ್ಷೆಯ ವರದಿ 1979ರಲ್ಲಿ ಪ್ರಕಟವಾಯಿತು. ರಕ್ತಹೀನತೆಯುಳ್ಳ ಕೂಲಿಗಳಿಗೆ ಕಬ್ಬಿಣಾಂಶದ ಔಷಧ ಕೊಟ್ಟು, ದಿನಕ್ಕೆ ಕೀಳುವ ಎಲೆಯನ್ನು ತೂಗಿದರು. ರಕ್ತ ಸುಧಾರಿಸಿದಂತೆ ತೂಕವೂ ಏರಿತು. ಹೆಚ್ಚು ನಿತ್ರಾಣರಾಗಿದ್ದವರಲ್ಲೇ ಏರಿಕೆ ಹೆಚ್ಚು. ಅವರನ್ನು ಮೈಗಳ್ಳರೆಂದು ಬೈದಿದ್ದರೆ ಒಂದೆಲೆಯೂ ಹೆಚ್ಚುತ್ತಿರಲಿಲ್ಲ.

ಮನೆಗೆ ಬಂದು ನನ್ನಾಕೆಗೆ ಪ್ರಶ್ನಾವಳಿಯನ್ನು ಓದಿ ಹೇಳಿದೆ. ಮೊದಲನೆಯದಕ್ಕೆ "ಇಲ್ಲ" ಎಂದು ನಕ್ಕಳು. ನೌಕರಿಯಿಲ್ಲದವರು ನೇರವಾಗಿ ಆರನೆಯ ಪ್ರಶ್ನೆಗೆ ಹೋಗಬೇಕು. ಅದನ್ನು ಕೇಳಿದೆ. ತುಸು ಯೋಚಿಸಿ, "ಎಂಟು ಬರಕೊಳ್ಳಿ" ಎಂದಳು. ಮೊಣಕಾಲು ನೋವು, ನಾಲ್ಕು ತಿಂಗಳಿಂದ! ಊರಿನಲ್ಲಾದರೆ ಅತ್ತೆಯೋ ನಾದಿನಿಯೋ ಕೈಗೂಡಿಸುತ್ತಿದ್ದರು. ಇಲ್ಲಿ ಆಕೆಗೆ ಬದಲಿಯಿಲ್ಲ. ಒಂದು ದಿನವೂ ಗೈರುಹಾಜರಾಗದ್ದರಿಂದ ನನಗೆ ತಿಳಿಯಲೇ ಇಲ್ಲ.

ಜಾತ್ರೆಗೆಂದು ಇಟ್ಟಿದ್ದ ರಜೆಯಲ್ಲಿ ಒಂದನ್ನು ಮುರಿದು, ಮರುದಿನವೇ ಆಕೆಯನ್ನು ವೈದ್ಯರ ಬಳಿಗೆ ಕರೆದೊಯ್ದೆ. ಈ ಸಂಜೆ ನಿಮ್ಮ ಮನೆಯಲ್ಲೂ ಆ ಆರನೆಯ ಪ್ರಶ್ನೆಯನ್ನು ಕೇಳಿ ನೋಡಿ.