ಹಡಗು ಬಂತು, ಜನ ಬರಲಿಲ್ಲ

1802ರಲ್ಲಿ ಲಂಡನ್ನಿನಿಂದ ಪೂರ್ವದೇಶಗಳ ಕಡೆಗೆ ಹೊರಟ ಸರಕಿನ ಹಡಗು ‘ಓಬ್ರಾ ಡಿನ್’. ಅದರಲ್ಲಿ 200 ಟನ್ನಿಗೂ ಮಿಕ್ಕಿದ ಮಾಲು, 60 ಮಂದಿ. ಆರು ತಿಂಗಳು ಕಳೆದರೂ ಹಡಗು ಗುಡ್‌ಹೋಪ್ ಭೂಶಿರ ಮುಟ್ಟಲಿಲ್ಲ. ಸಮುದ್ರದ ಪಾಲಾಯಿತೆಂದು ಕಂಪನಿಯವರು ಲೆಕ್ಕ ಮುಗಿಸಿದರು. 1807ರ ಅಕ್ಟೋಬರ್ 14ರ ಬೆಳಿಗ್ಗೆ ಅದೇ ಹಡಗು ಹಾಳಾದ ಹಾಯಿಗಳನ್ನು ಹೊತ್ತು ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ತಾನೇ ತೇಲಿ ಬಂತು. ಅದರಲ್ಲಿ ಜೀವಂತ ಮನುಷ್ಯರು ಒಬ್ಬರೂ ಇಲ್ಲ. ಏನಾಯಿತು, ಯಾರಿಗೆ ಎಷ್ಟು ಪರಿಹಾರ ಸಲ್ಲಬೇಕು ಎಂದು ವರದಿ ಬರೆಯಲು ಈಸ್ಟ್ ಇಂಡಿಯಾ ಕಂಪನಿ ಒಬ್ಬ ಇನ್‌ಸ್ಪೆಕ್ಟರನ್ನು ಕಳಿಸುತ್ತದೆ. ಆ ಇನ್‌ಸ್ಪೆಕ್ಟರ್ ಆಟ ಆಡುವ ನಾವೇ.

ಇದು ನಡೆದ ಚರಿತ್ರೆಯಲ್ಲ, 2018ರಲ್ಲಿ ಬಂದ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ ಎಂಬ ವಿಡಿಯೋ ಗೇಮಿನ ಕಥೆ. ಮಾಡಿದವರು ಜಪಾನಿನಲ್ಲಿ ನೆಲೆಸಿರುವ ಅಮೆರಿಕದ ಲೂಕಸ್ ಪೋಪ್. ಕಥೆ, ಚಿತ್ರ, ಸಂಗೀತ, ಪ್ರೋಗ್ರಾಮಿಂಗ್ ಎಲ್ಲವೂ ಅವರದೇ. ನನ್ನ ತಮ್ಮನ ಮಗ ರಜೆಗೆ ಬಂದಿದ್ದಾಗ ಲ್ಯಾಪ್‌ಟಾಪಿಗೆ ಹಾಕಿಕೊಟ್ಟ. “ಅತ್ತೆ, ಇದು ನಿಮ್ಮ ಆಫೀಸಿನದೇ ಕೆಲಸ, ಒಮ್ಮೆ ನೋಡಿ” ಎಂದ.

ಅವನು ಹೇಳಿದ್ದು ಸರಿ. ಮಂಗಳೂರಿನ ಒಂದು ವಿಮಾ ಕಚೇರಿಯಲ್ಲಿ ಮೆರೈನ್ ಮತ್ತು ಬೆಂಕಿ ಕ್ಲೇಮುಗಳನ್ನು ನೋಡುವುದು ನನ್ನ ಉದ್ಯೋಗ. ಆಫ್ರಿಕಾದಿಂದ ಬಂದ ಗೇರುಬೀಜದ ಚೀಲ ಒದ್ದೆಯಾಗಿದೆ ಎಂದು ಫೋನ್ ಬಂದರೆ ಸರ್ವೇಯರ್ ಜೊತೆ ಗೋಡೌನಿಗೆ ಹೋಗಬೇಕು. ಚೀಲದ ಕಲೆಯ ಮೇಲೆ ಸಿಲ್ವರ್ ನೈಟ್ರೇಟ್ ದ್ರಾವಣದ ಒಂದೆರಡು ಹನಿ ಬಿಟ್ಟು ನೋಡುತ್ತಾರೆ. ಸಮುದ್ರದ ನೀರಾದರೆ ಬಿಳಿ ಗಸಿ ಕಟ್ಟುತ್ತದೆ, ಮಳೆನೀರಾದರೆ ಕಟ್ಟುವುದಿಲ್ಲ. ಮಾಲು ಹಡಗಿನಲ್ಲಿ ಕೆಟ್ಟಿತೇ, ಇಳಿಸಿದ ಮೇಲೆ ಲಾರಿಯಲ್ಲಿ ಕೆಟ್ಟಿತೇ ಎಂಬ ಪ್ರಶ್ನೆಗೆ ಅಲ್ಲಿಂದ ದಾರಿ ಸಿಗುತ್ತದೆ. ಮಾತಾಡುವವರು ಹತ್ತು ಮಂದಿ ಇದ್ದರೂ ಕೊನೆಗೆ ನಾವು ನಂಬುವುದು ಕಲೆ, ಕಾಗದ, ಮೊಹರುಗಳನ್ನು.

ಓಬ್ರಾ ಡಿನ್ ಕೂಡ ಆಟಗಾರನಿಂದ ಇದನ್ನೇ ಕೇಳುತ್ತದೆ. ನಮ್ಮ ಕೈಯಲ್ಲಿ ಒಂದು ವಿಚಿತ್ರ ಗಡಿಯಾರ. ಅಸ್ಥಿಪಂಜರವೊಂದರ ಮುಂದೆ ಅದನ್ನು ತೆರೆದರೆ ಮೊದಲು ಪರದೆ ಕಪ್ಪಾಗಿ ಕೆಲವು ಕ್ಷಣಗಳ ಸದ್ದು ಮಾತ್ರ ಕೇಳುತ್ತದೆ. ಯಾರೋ ಕೂಗುತ್ತಾರೆ, ಏನೋ ಒಡೆಯುತ್ತದೆ, ಒಂದು ಗುಂಡು ಹಾರುತ್ತದೆ. ಆಮೇಲೆ ಆ ಮನುಷ್ಯ ಸತ್ತ ಗಳಿಗೆ ಹಾಗೇ ನಿಂತುಬಿಟ್ಟ ದೃಶ್ಯವಾಗಿ ತೆರೆದುಕೊಳ್ಳುತ್ತದೆ. ನಾವು ಅದರೊಳಗೆ ಓಡಾಡಬಹುದು, ಬಗ್ಗಿ ನೋಡಬಹುದು, ಏನನ್ನೂ ಬದಲಿಸಲಾಗದು. ಚಿತ್ರವೆಲ್ಲ ಹಳೆಯ ಮ್ಯಾಕಿಂಟಾಷ್ ಕಂಪ್ಯೂಟರಿನ ಪರದೆಯಲ್ಲಿದ್ದ ಹಾಗೆ ಬರೀ ಚುಕ್ಕೆ, ಗೆರೆ, ಎರಡೇ ಬಣ್ಣ. ಕೈಯಲ್ಲಿ ಒಂದು ಪುಸ್ತಕ, ಅದರಲ್ಲಿ 60 ಜನರ ಹೆಸರು, ಹುದ್ದೆ, ಊರಿನ ಪಟ್ಟಿ, ಹಡಗಿನ ಚಿತ್ರಕಾರ ಬರೆದ ಮುಖಗಳು. ಯಾವ ಮುಖ ಯಾವ ಹೆಸರಿನದು, ಅವರಿಗೇನಾಯಿತು, ಕೊಂದವರಿದ್ದರೆ ಯಾರು, ಇಷ್ಟನ್ನೂ ನಾವೇ ತುಂಬಬೇಕು. ಮೂರು ಜನರ ವಿವರ ಪೂರ್ತಿ ಸರಿಯಾದಾಗ ಮಾತ್ರ ಪುಸ್ತಕ ಒಪ್ಪಿ ಅಚ್ಚು ಹಾಕುತ್ತದೆ. ಒಂದೊಂದನ್ನೇ ಊಹಿಸಿ ತೇರ್ಗಡೆಯಾಗಲು ಬಿಡದ ಈ ಕಟ್ಟಳೆ ಬಹಳ ಜಾಣತನದ್ದು.

ಒಂದು ಉದಾಹರಣೆ ಕೊಡುತ್ತೇನೆ. ಇಷ್ಟು ಹೇಳಿದರೆ ಆಟದ ಸವಿ ಕೆಡುವುದಿಲ್ಲ. ಖಲಾಸಿಗಳು ಮಲಗುವ ಅಂತಸ್ತಿನಲ್ಲಿ ಸಾಲಾಗಿ ತೂಗುಹಾಸಿಗೆಗಳು. ಅವಕ್ಕೆ ಸಣ್ಣ ಸಣ್ಣ ಸಂಖ್ಯೆಗಳಿವೆ. ಮೊದಲ ಸಲ ಅದರ ಮುಂದೆ ಹಾದುಹೋಗುವಾಗ ಅದು ಅಲಂಕಾರದಂತೆ ಕಾಣುತ್ತದೆ. ಪುಸ್ತಕದ ಪಟ್ಟಿಯಲ್ಲಿ ಹೆಸರುಗಳ ಮುಂದೆಯೂ ಸಂಖ್ಯೆಗಳಿವೆ ಎಂಬುದು ಹೊಳೆದ ಕ್ಷಣ, ಎಷ್ಟೋ ಹೊತ್ತು ಬರೀ ಗುಂಪಾಗಿ ಕಂಡವರು ಒಬ್ಬೊಬ್ಬರಾಗಿ ಎದ್ದು ನಿಲ್ಲುತ್ತಾರೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಬಾಣದ ಗುರುತಿಲ್ಲ, ಮಿನುಗುವ ದೀಪವಿಲ್ಲ. ನೋಡುವವರು ನೋಡಿಯಾರು ಎಂದು ಆಟ ನಮ್ಮನ್ನು ನಂಬಿ ಸುಮ್ಮನಿರುತ್ತದೆ. ನಾನು ಇತ್ತೀಚೆಗೆ ಆಡಿದ ಆಟಗಳಲ್ಲಿ ಮನಸ್ಸಿಗೆ ಹಿಡಿಸಿದ್ದೆಲ್ಲ ಈ ನಂಬಿಕೆ ಇದ್ದಂಥವು.

ಆ ಪಟ್ಟಿಯಲ್ಲಿ ಭಾರತದ ಖಲಾಸಿಗಳೂ ಇದ್ದಾರೆ. ಅವರಲ್ಲಿ ಇಬ್ಬರು ಪ್ರಯಾಣ ಶುರುವಾಗಿ ಹೆಚ್ಚು ಕಾಲವಾಗುವ ಮೊದಲೇ ಕಾಯಿಲೆ ಬಿದ್ದು ತೀರಿಕೊಳ್ಳುತ್ತಾರೆ. ಕಂಪನಿಯ ಹಡಗುಗಳಲ್ಲಿ ‘ಲಸ್ಕರ್’ ಎಂದು ಕರೆಸಿಕೊಳ್ಳುತ್ತಿದ್ದ ನಮ್ಮ ನಾವಿಕರು ನಿಜಕ್ಕೂ ದುಡಿದಿದ್ದರು, ದೂರದ ಚಳಿಯಲ್ಲಿ ಸತ್ತೂ ಇದ್ದರು. ಮಂಗಳೂರಿನ ಹಳೆಬಂದರಿನ ಧಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಿಗೆ ಮಾಲು ತುಂಬುವುದನ್ನು ನೋಡುತ್ತ ಬೆಳೆದವಳು ನಾನು. ಆ ಇಬ್ಬರ ಹೆಸರನ್ನು ಪುಸ್ತಕದಲ್ಲಿ ಸರಿಯಾದ ಮುಖದ ಕೆಳಗೆ ಬರೆದಾಗ ಆದ ಸಮಾಧಾನ ದೊಡ್ಡ ರಹಸ್ಯ ಬಿಡಿಸಿದಾಗಲೂ ಆಗಲಿಲ್ಲ. ಕೊನೆಗೆ ನಮ್ಮ ವರದಿಯ ಆಧಾರದ ಮೇಲೆ ಯಾರ ಕುಟುಂಬಕ್ಕೆ ಪರಿಹಾರ, ಯಾರ ಆಸ್ತಿಯಿಂದ ದಂಡ ಎಂದು ಕಂಪನಿ ತೀರ್ಮಾನಿಸುತ್ತದೆ. ನಾವು ತಪ್ಪು ಬರೆದರೆ ಸತ್ತವನ ಮನೆಯವರಿಗೆ ಅನ್ಯಾಯ. ಆಟವೊಂದು ಇಷ್ಟು ಜವಾಬ್ದಾರಿ ಹೊರಿಸೀತೆಂದು ನಾನು ನಿರೀಕ್ಷಿಸಿರಲಿಲ್ಲ.

ತಕರಾರೂ ಇದೆ. ಕಥೆಯ ನಡುವೆ ಸಮುದ್ರದ ರಾಕ್ಷಸ ಪ್ರಾಣಿಗಳು ಬರುತ್ತವೆ. ಹಡಗಿನೊಳಗಿನ ಮನುಷ್ಯರ ಆಸೆ, ಹಟ, ಹೆದರಿಕೆಗಳೇ ಸಾಕಷ್ಟಿದ್ದವು. ಆ ಗಲಾಟೆಯಲ್ಲಿ ಒಟ್ಟೊಟ್ಟಿಗೆ ಹಲವರು ಸಾಯುವಾಗ ನೋಡುವ ತಾಳ್ಮೆ ಕಡಿಮೆಯಾಗುತ್ತದೆ.

ಪೋಪ್ ಅವರ ಇದಕ್ಕೂ ಹಿಂದಿನ ಆಟ 2013ರ ‘ಪೇಪರ್ಸ್, ಪ್ಲೀಸ್’. ಅದನ್ನು ಆಮೇಲೆ ಆಡಿದೆ. ಅರ್ಸ್ಟೋಟ್ಜ್ಕಾ ಎಂಬ ಕಲ್ಪಿತ ಸರ್ವಾಧಿಕಾರಿ ದೇಶ, ವರ್ಷ 1982. ನಮ್ಮ ಹೆಸರು ಕೆಲಸದ ಲಾಟರಿಯಲ್ಲಿ ಬಂದಿದೆ, ಗಡಿಯ ಚೆಕ್‌ಪೋಸ್ಟಿನ ಗೂಡಿನಲ್ಲಿ ಕೂತು ಪಾಸ್‌ಪೋರ್ಟ್ ನೋಡಬೇಕು. ಹಸಿರು ಠಸ್ಸೆ ಒತ್ತಿದರೆ ಒಳಗೆ, ಕೆಂಪು ಒತ್ತಿದರೆ ಹೊರಗೆ. ಎಷ್ಟು ಜನರನ್ನು ನೋಡಿ ಕಳಿಸುತ್ತೇವೋ ಅಷ್ಟು ಸಂಬಳ. ದಿನಕ್ಕೆ ಎರಡು ತಪ್ಪಿಗೆ ಎಚ್ಚರಿಕೆ, ಮೂರನೆಯದರಿಂದ ದಂಡ. ಸಂಜೆ ಮನೆಯ ಲೆಕ್ಕ ಬರುತ್ತದೆ: ಬಾಡಿಗೆ, ಊಟ, ಚಳಿ ಕಾಯಿಸುವ ಖರ್ಚು, ಹೆಂಡತಿ, ಮಗ, ಅತ್ತೆ, ಮಾವ. ದುಡ್ಡು ಸಾಲದಿದ್ದರೆ ಯಾವುದನ್ನು ಬಿಡುವುದು ಎಂದು ನಾವೇ ಗುರುತು ಹಾಕಬೇಕು.

ದಿನದಿನಕ್ಕೆ ಹೊಸ ಸುತ್ತೋಲೆ. ಇಂದು ಪಾಸ್‌ಪೋರ್ಟ್ ಸಾಕು, ನಾಳೆ ಪ್ರವೇಶ ಪತ್ರವೂ ಬೇಕು, ಆಮೇಲೆ ಕೆಲಸದ ಪರವಾನಗಿ. ಕಾಗದ ನೋಡುವ ಕಣ್ಣು ನನಗೆ ಮೊದಲೇ ಇತ್ತು. ಅವಧಿ ಮುಗಿದ ತಾರೀಖು, ಎರಡು ಕಾಗದದಲ್ಲಿ ಎರಡು ರೀತಿ ಬರೆದ ಹೆಸರು, ಸಂಖ್ಯೆಯಲ್ಲಿ ಒಂದು ಅಂಕಿ ಆಚೀಚೆ, ಎಲ್ಲ ಬೇಗ ಸಿಗುತ್ತಿತ್ತು. ಹೀಗೆ ಸರಾಗವಾಗಿ ಸಾಗುವಾಗ ಒಬ್ಬ ಗಂಡಸು ಬರುತ್ತಾನೆ. ಅವನ ಕಾಗದ ಎಲ್ಲ ಸರಿ. ಹೆಂಡತಿ ಹಿಂದೆಯೇ ಇದ್ದಾಳೆ, ದಯೆಯಿರಲಿ ಎನ್ನುತ್ತಾನೆ. ಅವಳು ಬರುತ್ತಾಳೆ, ಅವಳ ಬಳಿ ಪ್ರವೇಶ ಪತ್ರವಿಲ್ಲ. ಹಿಂದೆ ಹೋದರೆ ಕೊಲ್ಲುತ್ತಾರೆ ಎನ್ನುತ್ತಾಳೆ. ಹೊರಗೆ ಸಾಲು ಕಾಯುತ್ತಿದೆ, ಗಡಿಯಾರ ಓಡುತ್ತಿದೆ, ಮಗನಿಗೆ ಔಷಧಿ ಬೇಕು. ಈ ಸನ್ನಿವೇಶವನ್ನು ಸಿನಿಮಾದಲ್ಲಿ ನೋಡಿದ್ದರೆ ಅಧಿಕಾರಿಯನ್ನು ಬೈದು ಎದ್ದು ಬರುತ್ತಿದ್ದೆ. ಇಲ್ಲಿ ಠಸ್ಸೆ ನನ್ನ ಕೈಯಲ್ಲಿತ್ತು. ನಾನು ಹಸಿರು ಒತ್ತಿದೆ, ಅರ್ಧ ಗಳಿಗೆಯಲ್ಲಿ ತಪ್ಪಿನ ಚೀಟಿ ಮುದ್ರಣವಾಗಿ ಬಂತು.

ಆಟದ ಹಿನ್ನೆಲೆಯಲ್ಲಿ ಒಂದು ಗುಪ್ತ ಸಂಘದ ಒಳಸಂಚೂ ಇದೆ. ಅದು ನನಗೆ ಅಷ್ಟು ಮುಖ್ಯವೆನಿಸಲಿಲ್ಲ. ಒಳ್ಳೆಯ ಮನುಷ್ಯನೊಬ್ಬ ಗೂಡಿನಲ್ಲಿ ಕೂತು ದಿನಕ್ಕಷ್ಟಷ್ಟು ಗಟ್ಟಿಯಾಗುತ್ತ ಹೋಗುವುದು ಹೇಗೆ ಎಂಬುದನ್ನು ಇದು ಕೈಯಾರೆ ಮಾಡಿಸಿ ತೋರಿಸುತ್ತದೆ. ಕೌಂಟರಿನ ಆಚೆ ಈಚೆ ಕೂರುವ ಎಲ್ಲರೂ ಆಡಬೇಕಾದ ಆಟ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗಬೇಕು. ಗೇಮ್ ಆಡುತ್ತೇನೆ ಎಂದರೆ ಕಚೇರಿಯಲ್ಲಿ ಕೇಳುವ ಮೊದಲ ಪ್ರಶ್ನೆ, ದುಡ್ಡು ಹೋಯಿತಾ ಎಂದು. ರಮ್ಮಿ, ಬೆಟ್ಟಿಂಗ್‌ಗಳ ಆ್ಯಪ್‌ಗಳು ಎಷ್ಟೋ ಮನೆ ಹಾಳುಮಾಡಿವೆ, ಭಯ ಸಹಜ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿದೆ. ನಾನು ಹೇಳುತ್ತಿರುವ ಆಟಗಳು ಆ ಜಾತಿಯವಲ್ಲ. ಪುಸ್ತಕದಂತೆ ಒಮ್ಮೆ ಕೊಂಡರೆ ಮುಗಿಯಿತು. ಇನ್ನೊಬ್ಬರ ಜೊತೆ ಪಂಥವಿಲ್ಲ, ನಡುವೆ ಜಾಹೀರಾತಿಲ್ಲ, ಸೋತರೆ ಕಳೆದುಕೊಳ್ಳುವುದಿಲ್ಲ. ಎರಡನ್ನೂ ಒಂದೇ ಹೆಸರಿನಲ್ಲಿ ಕರೆಯುವುದರಿಂದ ಮಕ್ಕಳಿಗೆ ಯಾವುದು ಕೆಟ್ಟದ್ದೆಂದು ಹೇಳುವ ಅವಕಾಶವನ್ನೇ ನಾವು ಕಳೆದುಕೊಳ್ಳುತ್ತಿದ್ದೇವೆ.

ಇನ್ನು ‘ಅನ್‌ಪ್ಯಾಕಿಂಗ್’. ಆಸ್ಟ್ರೇಲಿಯಾದ ಬ್ರಿಸ್ಬೇನಿನ ವಿಚ್ ಬೀಮ್ ಎಂಬ ಸಣ್ಣ ತಂಡ 2021ರಲ್ಲಿ ತಂದದ್ದು. ಒಬ್ಬ ಹೆಣ್ಣುಮಗಳು 1997ರಿಂದ 2018ರವರೆಗೆ ಮನೆ ಬದಲಿಸುತ್ತಾಳೆ. ನಾವು ಪ್ರತಿ ಸಲ ಅವಳ ರಟ್ಟಿನ ಡಬ್ಬಿಗಳನ್ನು ಬಿಚ್ಚಿ ಸಾಮಾನು ಜೋಡಿಸಬೇಕು, ಅಷ್ಟೇ ಆಟ. ಅವಳ ಮುಖ ಕಾಣುವುದಿಲ್ಲ, ಸಂಭಾಷಣೆ ಇಲ್ಲ. ಪುಸ್ತಕವನ್ನು ಮರದ ಮೇಲಿಟ್ಟರೆ ಒಂದು ಸದ್ದು, ಟೈಲ್ಸ್ ಮೇಲಿಟ್ಟರೆ ಬೇರೆ. ಇಂಥ 14,000ಕ್ಕೂ ಹೆಚ್ಚು ಸದ್ದಿನ ತುಣುಕುಗಳನ್ನು ಅದಕ್ಕಾಗಿಯೇ ಮಾಡಿದ್ದಾರೆ.

ಬೆಂಕಿ ಅನಾಹುತದ ಕ್ಲೇಮಿಗೆ ಮನೆಯೊಳಗಿನ ಸಾಮಾನಿನ ಪಟ್ಟಿ ಬರೆಯುವಾಗ ಒಂದು ಸಂಸಾರದ ಬಗ್ಗೆ ಕೇಳದೆಯೇ ಎಷ್ಟೋ ತಿಳಿಯುತ್ತದೆ. ಆಸೆಯಿಂದ ಕೊಂಡದ್ದು ಯಾವುದು, ಯಾರಿಂದಲೋ ಬಂದದ್ದು ಯಾವುದು, ಮುಚ್ಚಿಟ್ಟದ್ದು ಯಾವುದು. ಈ ಆಟದಲ್ಲಿ 2010ರ ಮನೆ ಅವಳ ಗೆಳೆಯನದು. ಕಪಾಟು, ಗೋಡೆ, ಅಡುಗೆಮನೆ ಎಲ್ಲ ಅವನ ಸಾಮಾನಿನಿಂದ ತುಂಬಿದೆ. ಅವನು ಏನನ್ನೂ ಸರಿಸಿ ಜಾಗ ಮಾಡಿಲ್ಲ. ಅವಳ ಪದವಿ ಪ್ರಮಾಣಪತ್ರಕ್ಕೆ ಗೋಡೆ ಹುಡುಕುತ್ತೇವೆ, ಎಲ್ಲಿಟ್ಟರೂ ಆಟ ಒಪ್ಪುವುದಿಲ್ಲ. ಕೊನೆಗೆ ಅದಕ್ಕೆ ಸಿಗುವ ಜಾಗ ಮಂಚದ ಕೆಳಗೆ. ಮದುವೆಯಾಗಿ ಬಂದ ಮನೆಯಲ್ಲಿ ತನ್ನ ಪುಸ್ತಕ, ವೀಣೆ, ಹೊಲಿಗೆ ಮಿಶನ್ನಿಗೆ ಮೂಲೆ ಹುಡುಕಿದ ಹೆಂಗಸರು ನಮ್ಮಲ್ಲಿ ಎಷ್ಟಿಲ್ಲ? ಆ ಸಂಬಂಧದ ಕುರಿತು ಇನ್ನೊಂದು ಮಾತೂ ಬೇಕಾಗಲಿಲ್ಲ. 2012ರಲ್ಲಿ ಅವಳು ಹೆತ್ತವರ ಮನೆಗೆ ಮರಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಕೆಲವು ವಸ್ತುಗಳನ್ನು ಇಂಥಲ್ಲೇ ಇಡಬೇಕೆಂದು ಆಟ ಹಟ ಹಿಡಿಯುವುದು ಮಾತ್ರ ಬೇಸರ ತರುತ್ತದೆ. ಸೆಟ್ಟಿಂಗ್‌ನಲ್ಲಿ ಆ ನಿಯಮ ತೆಗೆದುಹಾಕಬಹುದು, ಆದರೆ ಮೊದಲ ಸಲ ನಿಯಮ ಇಟ್ಟುಕೊಂಡೇ ಆಡಿ. ಇಲ್ಲದಿದ್ದರೆ ಪ್ರಮಾಣಪತ್ರದ ಸಂಗತಿ ತಟ್ಟುವುದಿಲ್ಲ.

‘ವೆಣ್ಬಾ’ ನಮ್ಮ ನೆರೆಯವರ ಕಥೆ. ಟೊರಾಂಟೊದ ವಿಸೈ ಗೇಮ್ಸ್ 2023ರಲ್ಲಿ ತಂದದ್ದು. 1980ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ದಂಪತಿ, ಅಲ್ಲೇ ಹುಟ್ಟಿ ಬೆಳೆಯುವ ಮಗ. ತಾಯಿಯಿಂದ ಬಂದ ಅಡುಗೆ ಪುಸ್ತಕ ಅಲ್ಲಲ್ಲಿ ಹರಿದು ಅಳಿಸಿದೆ, ಆ ಖಾಲಿ ಜಾಗ ನಾವು ತುಂಬಬೇಕು. ಮೊದಲ ಅಡುಗೆ ಇಡ್ಲಿ. ಕೆಳಗಿನ ತಟ್ಟೆಯ ಇಡ್ಲಿ ಮೇಲಿನ ತಟ್ಟೆಗೆ ಒತ್ತದಂತೆ, ಹಬೆ ಮೇಲೇರುವಂತೆ ತಟ್ಟೆಗಳನ್ನು ತಿರುಗಿಸಿ ಕೂರಿಸುವುದೇ ಒಗಟು. ಅಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡು ಆಡಿದೆ. ತಟ್ಟೆ ಕಂಡದ್ದೇ “ಓರೆಯಾಗಿ ಇಡು, ಇಲ್ಲದಿದ್ದರೆ ಅಂಟ್ತದೆ” ಎಂದರು. ಜಗತ್ತಿನ ಎಷ್ಟೋ ಆಟಗಾರರು ತಲೆ ಕೆರೆದುಕೊಂಡ ಒಗಟು ಅವರಿಗೆ ಒಗಟೇ ಆಗಿರಲಿಲ್ಲ. ಮಗ ಮನೆಮಾತಿನಿಂದ ದೂರ ಸರಿಯುವ ಭಾಗದಲ್ಲಿ ಮಾತ್ರ ಅಮ್ಮ ಸುಮ್ಮನಾದರು. ನಮ್ಮ ಮನೆಯ ಮೊಮ್ಮಕ್ಕಳಲ್ಲೂ ದುಬೈಯಲ್ಲಿ ಬೆಳೆದು ತುಳು ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವರಿದ್ದಾರೆ.

ಬಲು ಅಂದದ ಆಟ, ಆದರೆ ಬೇಗ ಮುಗಿಯುತ್ತದೆ. ಒಂದು ಸಿನಿಮಾ ನೋಡುವಷ್ಟು ಹೊತ್ತೂ ಬೇಡ. ಒಗಟುಗಳು ಇನ್ನಷ್ಟು ಬೇಕಿತ್ತು, ಕೊಟ್ಟ ದುಡ್ಡಿಗೆ ಕಡಿಮೆ ಎನ್ನುವವರ ಮಾತನ್ನು ತಳ್ಳಿಹಾಕಲಾರೆ. ಆದರೂ ನಮ್ಮ ಒಗ್ಗರಣೆಯ ಚಟಪಟ ಸದ್ದನ್ನು ಇಷ್ಟು ಅಕ್ಕರೆಯಿಂದ ಹಿಡಿದ ಆಟ ನಾನು ಬೇರೆ ನೋಡಿಲ್ಲ. ಮೂಡೆ ಕಟ್ಟುವುದನ್ನು, ಪತ್ರೊಡೆ ಸುತ್ತುವುದನ್ನು ಹೀಗೆ ಕೈಯಲ್ಲಿ ಮಾಡಿಸುವ ಆಟವನ್ನು ನಮ್ಮ ಹುಡುಗ ಹುಡುಗಿಯರು ಮಾಡಲಿ. ಕೋಡ್ ಬರೆಯುವವರಿಗೆ ಕರಾವಳಿಯಲ್ಲಿ ಕೊರತೆಯಿಲ್ಲ.

ಆಡಿ ನೋಡುವ ಮನಸ್ಸಾದರೆ ಹೀಗೆ ಶುರುಮಾಡಿ. ಈ ನಾಲ್ಕರಲ್ಲಿ ಯಾವುದೂ ಕನ್ನಡದಲ್ಲಿಲ್ಲ. ‘ಅನ್‌ಪ್ಯಾಕಿಂಗ್’ಗೆ ಹೆಚ್ಚುಕಡಿಮೆ ಭಾಷೆಯೇ ಬೇಡ, ಹಾಗಾಗಿ ಇಂಗ್ಲಿಷ್ ಓದದ ಅಮ್ಮ, ಅಜ್ಜಿಯರಿಗೂ ಅದನ್ನೇ ಮೊದಲು ಕೊಡಿ. ಅದೂ ‘ಪೇಪರ್ಸ್, ಪ್ಲೀಸ್’ ಕೂಡ ಮೊಬೈಲಿನಲ್ಲಿ ಸಿಗುತ್ತವೆ. ‘ಓಬ್ರಾ ಡಿನ್’ ಫೋನಿನಲ್ಲಿ ಇಲ್ಲ, ಕಂಪ್ಯೂಟರ್ ಇಲ್ಲವೇ ಗೇಮ್ ಕನ್ಸೋಲ್ ಬೇಕು. ಅದನ್ನು ಆಡುವಾಗ ಉತ್ತರವನ್ನು ಯೂಟ್ಯೂಬಿನಲ್ಲಿ ಹುಡುಕಬೇಡಿ. ಒಂದು ನೋಟ್ ಪುಸ್ತಕ, ಪೆನ್ನು ಪಕ್ಕದಲ್ಲಿಟ್ಟುಕೊಳ್ಳಿ.