ನೀರು ಬೇಗ ಕುದಿಯುವ ನಾಡಿನ ಊಟ

ಲಾಸಾ ಇರುವುದು ಸುಮಾರು 3,650 ಮೀಟರ್ ಎತ್ತರದಲ್ಲಿ. ಅಲ್ಲಿ ನೀರು 88 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಮಾನಸ ಸರೋವರದ ದಡದಲ್ಲಿ ಇನ್ನೂ ಮೊದಲೇ. ಎಷ್ಟು ಉರಿ ಹಾಕಿದರೂ ಬಿಸಿ ಅದರಾಚೆ ಏರದು. ಕುಕ್ಕರ್ ಇಲ್ಲದಿದ್ದರೆ ಬೇಳೆ ಮೆತ್ತಗಾಗುವುದಿಲ್ಲ, ಅನ್ನ ನಡುವೆ ಗಟ್ಟಿಯಾಗಿಯೇ ಉಳಿಯುತ್ತದೆ. ಸೌದೆಯೂ ಅಪರೂಪ, ಬಯಲಿನ ಒಲೆಗಳು ಉರಿಯುವುದು ಯಾಕ್ ಸಗಣಿಯ ಬೆರಣಿಯಿಂದ. ಟಿಬೆಟಿನ ಅಡುಗೆ ಅರ್ಥವಾಗಬೇಕಾದರೆ ಮೊದಲು ಇಷ್ಟು ಗೊತ್ತಿರಬೇಕು.

ಆ ಚಳಿಗೆ ಒಗ್ಗುವ ಧಾನ್ಯ ಬಾರ್ಲಿ. ಕಾದ ಮರಳಿನ ಬಿಸಿ ಕುದಿಯುವ ನೀರಿಗಿಂತ ಎಷ್ಟೋ ಹೆಚ್ಚು. ಹಾಗಾಗಿ ಬಾರ್ಲಿಯನ್ನು ಮರಳಿನಲ್ಲಿ ಹುರಿದು, ಜರಡಿ ಹಿಡಿದು, ಬೀಸುತ್ತಾರೆ. ಇದೇ ತ್ಸಂಪಾ. ನಮ್ಮ ರಾಗಿ ಹುರಿಹಿಟ್ಟಿನಂತೆ ಇದನ್ನೂ ಮತ್ತೆ ಬೇಯಿಸಬೇಕಿಲ್ಲ, ಒಂದು ಚೀಲ ಹೆಗಲಿಗೇರಿಸಿಕೊಂಡರೆ ದಾರಿಯ ಊಟ ಮುಗಿಯಿತು. ಬಟ್ಟಲಿನಲ್ಲಿ ತುಸು ಚಹಾ, ಒಂದು ಚೂರು ಬೆಣ್ಣೆ, ಇದ್ದರೆ ಒಣ ಗಿಣ್ಣಿನ ಪುಡಿ, ಮೇಲೆ ಹಿಟ್ಟು. ಎಡಗೈಯಲ್ಲಿ ಬಟ್ಟಲು ತಿರುಗಿಸುತ್ತಾ ಬಲಗೈ ಬೆರಳುಗಳಿಂದ ಹಿಟ್ಟನ್ನು ಅಂಚಿಗೆ ಒತ್ತಿ ಒತ್ತಿ ನಾದಿ, ಉಂಡೆ ಮಾಡಿ ತಿನ್ನಬೇಕು. ಹೊಸಬರು ಚಹಾ ಹೆಚ್ಚು ಹಾಕಿ ಗಂಜಿ ಮಾಡಿಕೊಳ್ಳುತ್ತಾರೆ. ಒಣ ಹಿಟ್ಟನ್ನು ಬಾಯಿಗೆ ಹಾಕಿಕೊಳ್ಳುವಾಗ ಮಾತ್ರ ಉಸಿರು ಎಳೆಯಬೇಡಿ, ಗಂಟಲಿಗೆ ಹಾರಿ ಕೆಮ್ಮು ಬರುತ್ತದೆ.

ಬೆಣ್ಣೆ ಚಹಾ, ಅಲ್ಲಿಯವರ ಪೋ ಚಾ, ಪ್ರವಾಸಿಗರು ಮುಖ ಕಿವಿಚುವ ಪಾನೀಯ. ಸಿಹಿ ಚಹಾದ ನಿರೀಕ್ಷೆಯಲ್ಲಿ ಕುಡಿದರೆ ಹಾಗೇ ಆಗುತ್ತದೆ. ಸಾರು ಎಂದುಕೊಂಡು ಕುಡಿದು ನೋಡಿ. ಸಿಚುವಾನಿನ ಯಾಆನ್ ಕಡೆಯಿಂದ ಹಿಂದೆ ಹಮಾಲರ ಬೆನ್ನಿನ ಮೇಲೆ, ಆಮೇಲೆ ಯಾಕ್‌ಗಳ ಮೇಲೆ ಬರುತ್ತಿದ್ದ ಇಟ್ಟಿಗೆಯಾಕಾರದ ಒತ್ತು ಚಹಾವನ್ನು ಗಂಟೆಗಟ್ಟಲೆ ಕುದಿಸಿ ಕಪ್ಪು ಕಷಾಯ ಇಳಿಸುತ್ತಾರೆ. ಅದನ್ನು ಬಿಸಿನೀರು, ಉಪ್ಪು, ಬೆಣ್ಣೆಯ ಜೊತೆ ಉದ್ದನೆಯ ಮರದ ಕೊಳವೆಗೆ ಸುರಿದು ಕೋಲಿನಿಂದ ಕಡೆಯುತ್ತಾರೆ. ಕಡೆಯದಿದ್ದರೆ ಬೆಣ್ಣೆ ಮೇಲೆ ತೇಲುತ್ತದೆ. ಈಗ ಎಷ್ಟೋ ಮನೆಗಳಲ್ಲಿ ಈ ಕೆಲಸ ಮಿಕ್ಸಿಯದು. ಬೆಣ್ಣೆ ಹೆಣ್ಣು ಯಾಕ್‌ನದು. ಹೆಣ್ಣು ಯಾಕ್‌ಗೆ ದ್ರಿ ಎನ್ನುತ್ತಾರೆ. ಒಣ ಚಳಿಯಲ್ಲಿ ದಿನವಿಡೀ ದುಡಿಯುವ ದೇಹಕ್ಕೆ ಕೊಬ್ಬು, ಉಪ್ಪು, ಬಿಸಿನೀರು ಮೂರೂ ಒಂದೇ ಬಟ್ಟಲಿನಲ್ಲಿ ಸಿಗುತ್ತವೆ. ಇದಕ್ಕಿಂತ ಜಾಣತನದ ಪಾನೀಯ ನನಗೆ ಗೊತ್ತಿಲ್ಲ.

ನೀವು ಒಂದು ಗುಟುಕು ಕುಡಿದರೆ ಮನೆಯವರು ಮತ್ತೆ ತುಂಬುತ್ತಾರೆ. ಅತಿಥಿಯ ಬಟ್ಟಲು ಬರಿದಾಗಬಾರದು. ಸಾಕೆನಿಸಿದರೆ ತುಂಬಿದ ಬಟ್ಟಲನ್ನು ಹಾಗೇ ಬಿಟ್ಟು, ಹೊರಡುವಾಗ ಕುಡಿದು ಏಳಿ. ಯಾರೂ ಬೇಸರಿಸುವುದಿಲ್ಲ. ಹಿಡಿಸದವರಿಗೆ ಲಾಸಾದ ಚಹಾದಂಗಡಿಗಳಲ್ಲಿ ಚಾ ಙಾರ್ಮೊ ಎಂಬ ಹಾಲಿನ ಸಿಹಿ ಚಹಾ ಇದೆ.

ಸಸ್ಯಾಹಾರಿಗಳು ಕೇಳಿ ತಿನ್ನಬೇಕು. ಮೊಮೊ ಎಂದರೆ ಸಾಮಾನ್ಯವಾಗಿ ಮಾಂಸದ್ದೇ. ‘ಶ’ ಎಂದರೆ ಮಾಂಸ, ‘ಶೊಗೊ’ ಎಂದರೆ ಆಲೂಗಡ್ಡೆ. ನೂಡಲ್ಸ್ ಹಾಕಿದ ಸಾರು ಥುಕ್ಪಾ; ಅದರಲ್ಲಿ ಮಾಂಸದ ತುಂಡು ಕಾಣದಿದ್ದರೂ ರಸ ಮೂಳೆಯದಾಗಿರಬಹುದು. ಹಬೆಯಲ್ಲಿ ಬೇಯಿಸಿದ ಬ್ರೆಡ್ ಟಿಂಗ್ಮೊ ನಿಶ್ಚಿಂತೆಯ ಆಯ್ಕೆ. ಬೌದ್ಧರಾದರೂ ಮಾಂಸ ತಿನ್ನುವುದೇಕೆ ಎಂದು ಕೇಳುವ ಮುನ್ನ ತರಕಾರಿ ಬೆಳೆಯದ ಆ ಬಯಲನ್ನು ಒಮ್ಮೆ ನೋಡಿ. ಒಂದು ಯಾಕ್‌ನ ಜೀವದಿಂದ ಹಲವರ ಹೊಟ್ಟೆ ತುಂಬುತ್ತದೆ, ಮೀನಾದರೆ ಒಬ್ಬನ ಊಟಕ್ಕೆ ಹಲವು ಜೀವ ಬೇಕು ಎಂಬ ಎಣಿಕೆಯಿಂದ ಅನೇಕರು ಮೀನು ಮುಟ್ಟುವುದಿಲ್ಲ.

ಅಷ್ಟು ದೂರ ಹೋಗಲಾಗದವರಿಗೆ 1960ರ ದಶಕದಿಂದ ಟಿಬೆಟನ್ನರು ನೆಲೆಸಿರುವ ಬೈಲಕುಪ್ಪೆ, ಮುಂಡಗೋಡುಗಳಿವೆ. ಹೋಟೆಲುಗಳಲ್ಲಿ ಮೊಮೊ, ಥುಕ್ಪಾ ಸುಲಭವಾಗಿ ಸಿಗುತ್ತವೆ; ತ್ಸಂಪಾ, ಬೆಣ್ಣೆ ಚಹಾ ಬೇಕೆಂದು ಬಾಯಿಬಿಟ್ಟು ಕೇಳಬೇಕು. ಇಲ್ಲಿಯ ಸೆಕೆಯಲ್ಲಿ ಆ ಚಹಾ ಭಾರವೆನಿಸಿದರೆ ತಪ್ಪು ಚಹಾದ್ದಲ್ಲ.

ಟಿಬೆಟಿಗೇ ಹೋದರೆ ಛಾಂಗ್ ಕೂಡ ಎದುರಾಗುತ್ತದೆ. ಬಾರ್ಲಿ ಬೇಯಿಸಿ ಹುದುಗಿಸಿದ ಈ ಮದ್ಯ ನಸುಹುಳಿ, ಸಲೀಸಾಗಿ ಇಳಿಯುತ್ತದೆ. ಕೊಟ್ಟಾಗ ಉಂಗುರ ಬೆರಳು ಅದ್ದಿ ಮೂರು ಸಲ ಗಾಳಿಗೆ ಚಿಮುಕಿಸಿ. ಮೂರು ಗುಟುಕು, ಪ್ರತಿ ಗುಟುಕಿಗೂ ಮರುಭರ್ತಿ, ನಾಲ್ಕನೆಯ ಬಾರಿಗೆ ಬಟ್ಟಲು ಖಾಲಿ. ಎತ್ತರಕ್ಕೆ ಬಂದ ಮೊದಲ ದಿನಗಳಲ್ಲಿ ಇದು ಬೇಡ, ಮದ್ಯ ಆಗ ತಲೆನೋವು, ಉಸಿರಾಟದ ತೊಂದರೆಯನ್ನು ಹೆಚ್ಚಿಸುತ್ತದೆ. ಬೆರಳದ್ದಿ ಚಿಮುಕಿಸಿ, ತುಟಿಗೆ ತಾಗಿಸಿ ಬಟ್ಟಲು ಕೆಳಗಿಡಿ, ಬಿಸಿ ಥುಕ್ಪಾ ಕೇಳಿ.